ಮಂಜಿಲ್ಲದ ಊರಲ್ಲಿ ನೀರು ನಿಲ್ಲಿಸುವ ಬಗೆ

ಪ್ರಶ್ನೆ: ಲಡಾಖ್‌ನಲ್ಲಿ ಹಿಮದ ಸ್ತೂಪ ಮಾಡಿ ನೀರು ಕೂಡಿಡುತ್ತಾರಂತೆ. ನಮ್ಮಲ್ಲಿ ಮಳೆ ಧೋ ಎಂದು ಸುರಿದರೂ ಏಪ್ರಿಲ್‌ಗೆ ಬಾವಿ ತಳ ಕಾಣುತ್ತದೆ. ಅವರಿಂದ ನಾವು ಕಲಿಯುವಂಥದ್ದು ಇದೆಯೇ?
– ಅಡಿಕೆ ಬೆಳೆಗಾರರೊಬ್ಬರು, ಹೊಸನಗರ

ಉತ್ತರ: ಖಂಡಿತ ಇದೆ. ಲೇಹ್‌ನಲ್ಲಿ ವರ್ಷಕ್ಕೆ ಮಳೆ, ಹಿಮ ಎಲ್ಲ ಸೇರಿ ಬೀಳುವುದು ಸುಮಾರು 100 ಮಿ.ಮೀ.; ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಆದರೂ ಇಬ್ಬರನ್ನೂ ಕಾಡುವುದು ಏಪ್ರಿಲ್, ಮೇ ತಿಂಗಳೇ. ಅಲ್ಲಿ ಬಾರ್ಲಿ ಬಿತ್ತುವ ಹೊತ್ತಿಗೆ ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ. ಹಿಮನದಿಗಳೇ ಹಿಂದೆ ಸರಿಯುತ್ತಿರುವಾಗ ಮುಂದೆ ಬರುವ ನೀರಿಗೂ ಭರವಸೆಯಿಲ್ಲ. ಚಳಿಗಾಲದ ತೊರೆ ನೀರು ಮಾತ್ರ ಯಾರಿಗೂ ಬೇಡದೆ ಹರಿದುಹೋಗುತ್ತದೆ.

ಆ ನೀರನ್ನು ತಡೆದು ಹೆಪ್ಪುಗಟ್ಟಿಸುವುದನ್ನು ಇಂಜಿನಿಯರ್ ಚೇವಾಂಗ್ ನೋರ್ಫೆಲ್ 1980ರ ದಶಕದಲ್ಲೇ ತೋರಿಸಿದ್ದರು. 2013–14ರ ಚಳಿಗಾಲದಲ್ಲಿ ಲಡಾಖ್‌ನವರೇ ಆದ ಇಂಜಿನಿಯರ್ ಸೋನಮ್ ವಾಂಗ್‌ಚುಕ್ ಅದನ್ನು ಗೋಪುರವಾಗಿ ನಿಲ್ಲಿಸಿದರು. ಮೋಟಾರ್ ಬೇಡ. ಎತ್ತರದ ತೊರೆಯಿಂದ ಪೈಪಿನಲ್ಲಿ ಇಳಿದ ನೀರು ತನ್ನ ಒತ್ತಡಕ್ಕೇ ಕಾರಂಜಿಯಾಗಿ ಚಿಮ್ಮಿ, ಬೀಳುತ್ತಲೇ ಗಡ್ಡೆ ಕಟ್ಟುತ್ತದೆ. ಶಂಕುವಿನ ಆಕಾರದಿಂದಾಗಿ ಬಿಸಿಲು ತಾಗುವ ಮೈ ಕಡಿಮೆ, ಕರಗುವುದು ನಿಧಾನ. ಮೊದಲ ಸ್ತೂಪದಲ್ಲೇ ಸುಮಾರು 1.5 ಲಕ್ಷ ಲೀಟರ್ ನೀರಿತ್ತು. ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹಿತ್ತಿಲಿಗೆ ಇಳಿಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸ್ತೂಪವೆಂದರೆ ಹಳ್ಳದ ಕಟ್ಟ. ನಾನು ಚಿಕ್ಕವನಿದ್ದಾಗ ಮನೆ ಕೆಳಗಿನ ಹಳ್ಳಕ್ಕೆ ಅಪ್ಪ ವರ್ಷಾ ವರ್ಷ ಕಟ್ಟ ಹಾಕುತ್ತಿದ್ದರು. ಎರಡು ಸಾಲು ಕಲ್ಲು, ನಡುವೆ ಸೊಪ್ಪು, ಮೇಲೆ ಜಿಗುಟು ಮಣ್ಣು. ಹಿಮ್ಮಡಿಯೂರಿ ತುಳಿಯುವರು, ಎಲ್ಲಾದರೂ ನೀರು ಜಿನುಗಿದರೆ ಅಲ್ಲಿಗೆ ಇನ್ನೊಂದು ಹೆಡಿಗೆ ಮಣ್ಣು. ವಾರದೊಳಗೆ ತೋಟದ ಬಾವಿಯಲ್ಲಿ ನೀರು ಎರಡು ಮೆಟ್ಟಿಲು ಮೇಲೆ ಬಂದಿರುತ್ತಿತ್ತು. ಬೋರ್‌ವೆಲ್ ಬಂದಮೇಲೆ ನಾವೇ ಕಟ್ಟ ಕೈಬಿಟ್ಟೆವು. ಆ ಬಾವಿ ಬತ್ತಿದ್ದನ್ನು ನೋಡಿದ ಸಂಕಟ ನನಗಿನ್ನೂ ಹೋಗಿಲ್ಲ. ಈಗ ಮೂರು ಮನೆಯವರು ಸೇರಿ ಮರಳು ಚೀಲದಲ್ಲಿ ಮತ್ತೆ ಕಟ್ಟುತ್ತಿದ್ದೇವೆ.

ನೀವೂ ಕಟ್ಟಿ. ದೀಪಾವಳಿ ಕಳೆದು ಮಳೆ ನಿಂತ ಕೂಡಲೇ ಶುರುಮಾಡಿ. ಸಂಕ್ರಾಂತಿವರೆಗೆ ಕಾದರೆ ಹಿಡಿಯಲು ನೀರೇ ಇರುವುದಿಲ್ಲ. ಒಂದೇ ದೊಡ್ಡ ಕಟ್ಟಕ್ಕಿಂತ ಹಳ್ಳದುದ್ದಕ್ಕೆ ಮೂರ್ನಾಲ್ಕು ಸಣ್ಣವು ಮೇಲು. ಕೆಳಗಿನ ತೋಟದವರ ಹತ್ತಿರ ಮೊದಲೇ ಮಾತಾಡಿ, ಅವರ ಪಾಲಿನ ನೀರು ಕಟ್ಟದ ಮೇಲಿಂದ ಹರಿಯುತ್ತಲೇ ಇರಲಿ. ಮುಂಗಾರಿಗೆ ಮುಂಚೆ ಚೀಲ ತೆಗೆಯುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಹಳ್ಳ ಪಕ್ಕಕ್ಕೆ ತಿರುಗಿ ದಂಡೆ ಕೊರೆದು ತೋಟಕ್ಕೇ ನುಗ್ಗೀತು.