ಕ್ಲಿಪ್ಪಿಂಗ್ ತಂಡದ ಹಾಡುಗಳು ನನಗೆ ಹಿಡಿಸಿದ್ದು ಹೇಗೆ

‘ಪ್ರಯೋಗಾತ್ಮಕ ಹಿಪ್‌ಹಾಪ್ ಅಂತ ಕ್ಲಿಪ್ಪಿಂಗ್ ತಂಡದ ಆಲ್ಬಮ್ ಹಾಕಿದೆ. ಬರೀ ಕಿವಿ ಕೊರೆಯುವ ಶಬ್ದ, ಅರ್ಧ ನಿಮಿಷಕ್ಕೇ ನಿಲ್ಲಿಸಿಬಿಟ್ಟೆ. ನಿಮಗೆ ಇದು ಹೇಗೆ ಹಿಡಿಸಿತು, ಎಲ್ಲಿಂದ ಶುರು ಮಾಡಬೇಕು?’ ಅಂತ ಕೇಳಿದ್ದೀರಿ.

ನೀವು ಹಾಕಿದ್ದು 2014ರ ಆಲ್ಬಮ್‌ನ ಮೊದಲನೇ ಟ್ರ್ಯಾಕ್ ಇರಬೇಕು. ಒಂದು ಚೂಪಾದ ಕೀರಲು ಸದ್ದು, ಅದರ ಮೇಲೆ ಉಸಿರು ತೆಗೆದುಕೊಳ್ಳಲೂ ನಿಲ್ಲದ ರ್ಯಾಪ್. ಅಲ್ಲಿಂದ ಶುರು ಮಾಡಿದರೆ ಯಾರಿಗಾದರೂ ಕಷ್ಟವೇ.

ನಾನು ಬಂದದ್ದು ಬೇರೆ ದಾರಿಯಲ್ಲಿ. ನನಗೆ ಸೈನ್ಸ್ ಫಿಕ್ಷನ್ ಹುಚ್ಚು. ಅಂಥ ಕೃತಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ 2017ರ ಅಂತಿಮ ಪಟ್ಟಿ ನೋಡುತ್ತಿದ್ದೆ. ಟಿವಿ ಸರಣಿಗಳ ಕಂತುಗಳ ನಡುವೆ ಇದೇ ತಂಡದ ಒಂದು ಹಿಪ್‌ಹಾಪ್ ಆಲ್ಬಮ್ ಇತ್ತು, ‘ಸ್ಪ್ಲೆಂಡರ್ ಅಂಡ್ ಮಿಸರಿ’. ಗುಲಾಮರನ್ನು ಸಾಗಿಸುವ ಬಾಹ್ಯಾಕಾಶ ನೌಕೆ. ದಂಗೆಯಾಗಿ ಒಬ್ಬನೇ ಉಳಿಯುತ್ತಾನೆ. ಆ ಒಬ್ಬನ ಮೇಲೆ ನೌಕೆಯ ಕಂಪ್ಯೂಟರಿಗೆ ಪ್ರೀತಿ ಹುಟ್ಟುತ್ತದೆ. ಅವತ್ತು ರಾತ್ರಿಯೇ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ. ಯಂತ್ರದ ಗೊರಗೊರ, ರೇಡಿಯೊ ಸಿಗ್ನಲ್ ಸಿಗದ ಹಾಗಿನ ಸದ್ದು. ನಡುವೆ ಇದ್ದಕ್ಕಿದ್ದಂತೆ ವಾದ್ಯವೇ ಇಲ್ಲದೆ ನಾಲ್ಕಾರು ಕಂಠ ಸೇರಿ ಹಾಡುತ್ತವೆ, ಚರ್ಚಿನಲ್ಲಿ ಹಾಡುವ ಧಾಟಿಯಲ್ಲಿ. ಮಾತು ಅರ್ಧವೂ ತಿಳಿಯಲಿಲ್ಲ. ಆದರೂ ಮೈ ಜುಮ್ಮೆಂದಿತು.

ತಂಡದ ಹೆಸರೇ ಅರ್ಧ ಉತ್ತರ. ಜಾತ್ರೆಯಲ್ಲಿ ಮೈಕ್‌ಸೆಟ್ಟಿನ ವಾಲ್ಯೂಮ್ ಪೂರ್ತಿ ಏರಿಸಿದಾಗ ದನಿ ಒಡೆಯುತ್ತದಲ್ಲ, ಶಬ್ದದ ಅಲೆಯ ತುದಿ ಕತ್ತರಿಸಿಹೋಗಿ ಹಾಗಾಗುತ್ತದೆ. ಅದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಬೇರೆಯವರು ಇದನ್ನು ತಪ್ಪು ಅಂತ ತೆಗೆದುಹಾಕುತ್ತಾರೆ. ಲಾಸ್ ಏಂಜಲೀಸ್‌ನ ಈ ಮೂವರು ಅದರಿಂದಲೇ ಹಾಡು ಕಟ್ಟುತ್ತಾರೆ. ವಿಲಿಯಂ ಹಟ್ಸನ್ ಮತ್ತು ಜೊನಾಥನ್ ಸ್ನೈಪ್ಸ್ ಶಬ್ದ ಜೋಡಿಸುವವರು, ಡವೀಡ್ ಡಿಗ್ಸ್ ರ್ಯಾಪ್ ಮಾಡುವವರು. ‘ಹ್ಯಾಮಿಲ್ಟನ್’ ಸಂಗೀತ ನಾಟಕದ ನಟನೆಗೆ 2016ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದ ಡಿಗ್ಸ್ ಇವರೇ.

ನನಗೆ ಬಾಗಿಲು ತೆರೆದದ್ದು ‘ಸ್ಟೋರಿ 2’. ಅದೂ 2014ರ ಆಲ್ಬಮ್‌ನಲ್ಲೇ ಇದೆ. ಚಿಕ್ಕಂದಿನಲ್ಲಿ ಮೂರು ವರ್ಷ ಮೃದಂಗ ಕಲಿತಿದ್ದೆ, ಹಾಡು ಕೇಳುವಾಗ ಬೆರಳು ತಾನಾಗಿ ತೊಡೆಯ ಮೇಲೆ ಎಣಿಸುತ್ತದೆ. ತಕಿಟ ತಕಿಟ ಅಂತ ಮೂರರ ಎಣಿಕೆ ಸಲೀಸಾಗಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎಣಿಕೆ ತಪ್ಪಿತು. ಹಿಂದಕ್ಕೆ ಹೋಗಿ ಮತ್ತೆ ಎಣಿಸಿದೆ. ಈಗ ತಕದಿಮಿ, ನಾಲ್ಕು. ಮುಂದೆ ತಕತಕಿಟ, ಐದು. ಕಥೆ ಮುಂದೆ ಹೋದಂತೆ ಎಣಿಕೆ ಒಂದೊಂದೇ ಹೆಚ್ಚುತ್ತದೆ! ಹಳೆಯ ಬದುಕು ಬಿಟ್ಟು ನೆಮ್ಮದಿಯಾಗಿರಲು ನೋಡುವವನೊಬ್ಬನ ಕಥೆ ಅದು, ಕೊನೆಗೆ ಬೆಂಕಿ. ಅವನ ಎದೆ ಹೊಡೆದುಕೊಳ್ಳುವುದು ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಸುಮ್ನೆ ಗದ್ದಲ ಎಬ್ಬಿಸುವವರು ಇಷ್ಟು ಲೆಕ್ಕ ಇಟ್ಟುಕೊಂಡು ಮಾಡುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಡಿಗ್ಸ್ ಈ ತಂಡಕ್ಕೆ ಬರೆಯುವಾಗ ‘ನಾನು’ ಅನ್ನುವ ಮಾತನ್ನೇ ಬಿಟ್ಟುಬಿಡುತ್ತಾರೆ. ರ್ಯಾಪ್ ಅಂದರೇ ನಾನು, ನನ್ನ ಊರು, ನನ್ನ ಕಷ್ಟ. ಅದನ್ನು ತೆಗೆದರೆ ಉಳಿಯುವುದು ಎದುರಿಗಿರುವ ಮನುಷ್ಯರು ಮಾತ್ರ. ನನಗೆ ಇವರ ಮೇಲೆ ಪ್ರೀತಿ ಜಾಸ್ತಿಯಾಗಿದ್ದು ಇದರಿಂದಲೇ.

ಹಾಗಾಗಿ ಮೊದಲು ‘ಸ್ಟೋರಿ 2’ ಕೇಳಿ. ಆಮೇಲೆ ‘ಗೆಟ್ ಅಪ್’, ಅದರ ಬೀಟ್ ಅಂದರೆ ಅಲಾರಂ ಗಡಿಯಾರದ ಪೀಪ್ ಪೀಪ್. ಮೂರನೆಯದು 2017ರ ‘ದಿ ಡೀಪ್’. ಗುಲಾಮರ ಹಡಗಿನಿಂದ ಸಮುದ್ರಕ್ಕೆ ಎಸೆದ ಬಸುರಿಯರ ಮಕ್ಕಳು ನೀರಿನೊಳಗೇ ಹುಟ್ಟಿ ಬೆಳೆದರು ಅನ್ನುವ ಕಲ್ಪನೆ, ಡೆಟ್ರಾಯಿಟ್‌ನ ಡ್ರೆಕ್ಸಿಯಾ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯದು. ಅದನ್ನು ಇವರು ಹಾಡು ಮಾಡಿದರು, ಆ ಹಾಡಿನಿಂದ ರಿವರ್ಸ್ ಸಾಲೊಮನ್ 2019ರಲ್ಲಿ ಒಂದು ಕಿರುಕಾದಂಬರಿ ಬರೆದರು. ‘ಸ್ಪ್ಲೆಂಡರ್’ ಅನ್ನು ಇವು ಮೂರೂ ಆದ ಮೇಲೆ ಒಂದೇ ಪಟ್ಟಿಗೆ ಕೇಳಿ, ಸಾಹಿತ್ಯ ಎದುರಿಗೆ ಇಟ್ಟುಕೊಂಡು.

‘ಸ್ಟೋರಿ 2’ರಲ್ಲಿ ನಿಮಗೆ ಎಣಿಕೆ ಎಲ್ಲಿ ತಪ್ಪಿತು ಅಂತ ಇಲ್ಲೇ ಬರೆಯಿರಿ. ನನಗೆ ಈಗಲೂ ತಪ್ಪುವುದು ಏಳರಲ್ಲಿ.