ಮಲಗಿದರೆ ಎದೆಯುರಿ, ಹೊಟ್ಟೆಯ ಮಡಿಕೆಯಲ್ಲಿ ಕೆಂಪು: ಅಮ್ಮನ ಆರೈಕೆ ಹೇಗೆ?

ನಮಸ್ಕಾರ. ತಾಯಿಯವರ ತೂಕ 108 ಕೆಜಿ, ಮಲಗಿದ ಕೂಡಲೇ ಹುಳಿತೇಗು, ಮೂರು ದಿಂಬು ಇಟ್ಟರೂ ಎದೆಯುರಿ ನಿಲ್ಲುತ್ತಿಲ್ಲ, ಹೊಟ್ಟೆಯ ಮಡಿಕೆ ಕೆಳಗೆ ಚರ್ಮ ಕೆಂಪಾಗಿದೆ ಅಂತ ಬರೆದಿದ್ದೀರಿ. ನಾನು ನರ್ಸ್, ಇಂಥ ತೊಂದರೆ ವಾರ್ಡಿನಲ್ಲಿ ತುಂಬಾ ನೋಡುತ್ತೇನೆ.

ಮೊದಲು ಆ ದಿಂಬುಗಳನ್ನು ತೆಗೆಯಿರಿ. ಅವುಗಳಿಂದ ಮೈ ಸೊಂಟದ ಹತ್ತಿರ ಮಡಚಿ ಹೊಟ್ಟೆ ಮೇಲೆ ಒತ್ತಡ ಜಾಸ್ತಿಯಾಗುತ್ತದೆ. ಬದಲಿಗೆ ಮಂಚದ ತಲೆಕಡೆಯ ಕಾಲುಗಳಿಗೆ 6ರಿಂದ 8 ಇಂಚಿನ ಮರದ ದಿಮ್ಮಿ ಕೊಡಿ, ಅಲ್ಲಾಡಬಾರದು. ಎಡಮಗ್ಗುಲಿಗೆ ಮಲಗಲಿ. ರಾತ್ರಿ ಊಟ ಮಲಗುವ ಮೂರು ಗಂಟೆ ಮುಂಚೆ ಮುಗಿಯಲಿ.

ಮಡಿಕೆಗೆ ಪೌಡರ್ ಬೇಡವೇ ಬೇಡ. ಬೆವರಿಗೆ ಸೇರಿ ಉಂಡೆಕಟ್ಟಿ ಚರ್ಮ ಉಜ್ಜುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ತಿಕ್ಕದೆ ಒತ್ತಿ ಒರೆಸಿ, ಫ್ಯಾನ್ ಗಾಳಿಗೆ ಆರಲು ಬಿಡಿ. ಆಮೇಲೆ ಹಳೆ ಕಾಟನ್ ಪಂಚೆಯ ಒಗೆದ ತುಂಡನ್ನು ಮಡಿಕೆಯೊಳಗೆ ಇಡಿ, ಒದ್ದೆಯಾದರೆ ಬದಲಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ, ವಾಸನೆ ಇದ್ದರೆ ಫಂಗಸ್ ಇರಬಹುದು. ಡಾಕ್ಟರಿಗೆ ತೋರಿಸಿ, ಶುಗರ್ ಟೆಸ್ಟನ್ನೂ ಮಾಡಿಸಿ. ನೋಡುವಾಗ ಬಾಗಿಲು ಹಾಕಿ, ಕೇಳಿಯೇ ಮುಟ್ಟಿ. ನಾಚಿಕೆಗೆ ಎಷ್ಟೋ ಹೆಂಗಸರು ಗಾಯ ಮುಚ್ಚಿಡುತ್ತಾರೆ, ಪಾಪ.

ಸುಮ್ನೆ ಊಟ ಬಿಡಿಸಬೇಡಿ. ತೂಕ ಬೇಗಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಭಯ ಇರುತ್ತದೆ.

ಮಲ ಡಾಂಬರಿನ ಹಾಗೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಎದೆನೋವಿನ ಜೊತೆ ಬೆವರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.