ಟೈಮಿಂಗ್ ಬೆಲ್ಟ್: ಕೀ ತಿರುಗಿಸುವ ಮೊದಲು ಕೈಯಿಂದ ಎರಡು ಸುತ್ತು

ಪ್ರಶ್ನೆ: ನನ್ನ ಬಳಿ 2009ರ ಹ್ಯುಂಡೈ ಸ್ಯಾಂಟ್ರೋ ಜಿಂಗ್ ಇದೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಈಗ 92,000 ಕಿ.ಮೀ. ಓಡಿದೆ. ಟೈಮಿಂಗ್ ಬೆಲ್ಟ್ ಎಂದಾದರೂ ಬದಲಾಗಿದೆಯೇ ಎಂಬುದಕ್ಕೆ ದಾಖಲೆ ಇಲ್ಲ. ಮೇಲಿನ ಕವರ್ ತೆಗೆದು ನೋಡಿದಾಗ ಬಿರುಕೇನೂ ಕಾಣಲಿಲ್ಲ. ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್‌ಗಳನ್ನು ನಾನೇ ಬದಲಾಯಿಸಿದ್ದೇನೆ. ಬೆಲ್ಟನ್ನೂ ಮನೆಯಲ್ಲೇ ಹಾಕಬಹುದೇ? - ಓದುಗರು, ದಾವಣಗೆರೆ

ಉತ್ತರ: ಹಾಕಬಹುದು. ಆದರೆ ಬಿರುಕಿಲ್ಲದ್ದರಿಂದ ಬೆಲ್ಟ್ ಇನ್ನೂ ಬಾಳುತ್ತದೆ ಎಂಬ ಭರವಸೆಯನ್ನು ಮೊದಲು ಬಿಟ್ಟುಬಿಡಿ. ಹೊಸ ಬಗೆಯ ರಬ್ಬರಿನ ಬೆಲ್ಟ್‌ಗಳು ಹೊರಗಿನಿಂದ ಚೆನ್ನಾಗಿ ಕಾಣುತ್ತಿರುವಾಗಲೇ ಹಲ್ಲಿನ ಬುಡದಲ್ಲಿ ಸೋತಿರುತ್ತವೆ. ಇದಕ್ಕೆ ಕಿಲೋಮೀಟರಿನ ಜೊತೆಗೆ ವರ್ಷದ ಲೆಕ್ಕವೂ ಉಂಟು. ದಾಖಲೆ ಇಲ್ಲದ ಬೆಲ್ಟನ್ನು ಅವಧಿ ಮುಗಿದ ಬೆಲ್ಟ್ ಎಂದೇ ತಿಳಿಯಬೇಕು.

ನಿಮ್ಮದು 1086 ಸಿಸಿಯ, ನಾಲ್ಕು ಸಿಲಿಂಡರ್, 12 ವಾಲ್ವ್‌ಗಳ ಎಂಜಿನ್. ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಆ ಹೊಂದಾಣಿಕೆಯನ್ನು ಕಾಯುವುದು ಈ ಬೆಲ್ಟ್ ಒಂದೇ. ವಾಲ್ವ್ ತೆರೆದು ಇಳಿಯುವ ಜಾಗಕ್ಕೇ ಪಿಸ್ಟನ್ ಏರಿ ಬರುವ ರಚನೆ ಇದರದ್ದಾದ್ದರಿಂದ, ಓಡುವಾಗ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಬಾಗುತ್ತವೆ, ಸಿಲಿಂಡರ್ ಹೆಡ್ ಬಿಚ್ಚಬೇಕಾಗುತ್ತದೆ. ಬೆಲ್ಟನ್ನು ತಪ್ಪಾಗಿ ಕೂರಿಸಿ ಸ್ಟಾರ್ಟ್ ಮಾಡಿದರೂ ಇದೇ ಗತಿಯಾಗಬಹುದು. ಹಾಗಾಗಿ ಈ ಕೆಲಸದಲ್ಲಿ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಸಾವಧಾನ. ಎರಡು ಪೂರ್ತಿ ದಿನ, ಸಮತಟ್ಟಾದ ಗಟ್ಟಿ ನೆಲ, ಬೋಲ್ಟನ್ನು ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ರೆಂಚ್, ಜ್ಯಾಕ್ ಸ್ಟ್ಯಾಂಡ್, ಮತ್ತು ನಿಮ್ಮ ಮಾದರಿಯದೇ ಸರ್ವಿಸ್ ಕೈಪಿಡಿ: ಇವುಗಳಲ್ಲಿ ಒಂದು ಇಲ್ಲದಿದ್ದರೂ ಗಾಡಿಯನ್ನು ಗ್ಯಾರೇಜಿಗೆ ಒಪ್ಪಿಸಿ.

ಬೆಲ್ಟ್ ಒಂದನ್ನೇ ಕೊಳ್ಳಬೇಡಿ. ಹೊಸ ಬೆಲ್ಟಿನ ಪಕ್ಕದಲ್ಲಿ ಹಳೆಯ ಟೆನ್ಷನರ್ (ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ರಾಟೆ) ಉಳಿಸಿ, ಅದರ ಬೇರಿಂಗ್ ಕಚ್ಚಿಕೊಂಡು ಎಂಜಿನ್ ಹಾಳಾದದ್ದನ್ನು ನಾನು ನೋಡಿದ್ದೇನೆ. ಕ್ರ್ಯಾಂಕ್ ಅಥವಾ ಕ್ಯಾಮ್ ಸೀಲಿನಿಂದ ಆಯಿಲ್ ಜಿನುಗುತ್ತಿದ್ದರೆ ಅದನ್ನೂ ಈಗಲೇ ಬದಲಾಯಿಸಿ, ಏಕೆಂದರೆ ಆಯಿಲ್ ತಗುಲಿದ ಬೆಲ್ಟ್ ಬಾಳುವುದಿಲ್ಲ. ನಕಲಿ ಬಿಡಿಭಾಗಗಳ ಕಾಟವಿರುವುದರಿಂದ ಅಧಿಕೃತ ಮಾರಾಟಗಾರರಿಂದಲೇ ತರಿಸಿ. ಹಾಕುವವರೆಗೆ ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಬೆಲ್ಟ್ ಇರುವ ಪಕ್ಕದ ಮುಂದಿನ ಚಕ್ರ ತೆಗೆಯಿರಿ. ಬರಿಯ ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕುವುದು ಬೇಡವೇ ಬೇಡ. ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೌಂಟ್ ಬಿಚ್ಚುವ ಮುನ್ನ ಆಯಿಲ್ ಪ್ಯಾನಿನ ಅಡಿಗೆ ಮರದ ಹಲಗೆ ಇಟ್ಟು, ಇನ್ನೊಂದು ಜ್ಯಾಕಿನಿಂದ ಎಂಜಿನ್ನಿಗೆ ಆಸರೆ ಕೊಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಹಳ ಬಿಗಿಯಾಗಿರುತ್ತದೆ. ಗಾಡಿಯನ್ನು ಐದನೇ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಉದ್ದ ಹಿಡಿಯ ರೆಂಚಿಗೆ ಅದು ಸಡಿಲವಾಗುತ್ತದೆ. ಸ್ಟಾರ್ಟರ್ ಮೋಟರನ್ನು ಕ್ಷಣಕಾಲ ತಿರುಗಿಸಿ ಸಡಿಲಿಸುವ ರೂಢಿ ಕೆಲವರಲ್ಲಿದೆ. ಆಗ ರೆಂಚ್ ಹಾರಿದರೆ ಕೈ ಮುರಿಯುತ್ತದೆ; ದಯವಿಟ್ಟು ಅದಕ್ಕೆ ಕೈಹಾಕಬೇಡಿ.

ಬೋಲ್ಟ್ ಸಡಿಲವಾದ ಮೇಲೆ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಎಂಜಿನ್ ಕೈಗೆ ಹಗುರಾಗಿ ತಿರುಗುತ್ತದೆ. ಎಂಜಿನ್ ಓಡುವ ದಿಕ್ಕಿನಲ್ಲೇ, ಕ್ರ್ಯಾಂಕ್ ಬೋಲ್ಟಿನಿಂದಲೇ ತಿರುಗಿಸುತ್ತ, ಮೊದಲ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಕ್ಯಾಮ್ ಚಕ್ರದ ಗುರುತನ್ನೂ ಕ್ರ್ಯಾಂಕ್ ಚಕ್ರದ ಗುರುತನ್ನೂ ಎಂಜಿನ್ನಿನ ಮೇಲಿರುವ ಅವುಗಳ ಜೋಡಿ ಗುರುತಿಗೆ ಹೊಂದಿಸಿ. ಹಳೆಯ ಬೆಲ್ಟ್ ಕಳಚುವ ಮೊದಲು ಬೆಲ್ಟಿಗೂ ಎರಡು ಚಕ್ರಗಳಿಗೂ ಬಿಳಿ ಬಣ್ಣದ ಗೆರೆ ಹಾಕಿ, ಗೆರೆಗಳ ನಡುವಿನ ಹಲ್ಲುಗಳನ್ನು ಎಣಿಸಿ ಬರೆದುಕೊಳ್ಳಿ. ಆದರೂ ಆ ಗೆರೆ ಸಾಕ್ಷಿ ಮಾತ್ರ. ಹಿಂದೆ ಯಾರಾದರೂ ಬೆಲ್ಟನ್ನು ತಪ್ಪಾಗಿ ಹಾಕಿದ್ದರೆ ನಿಮ್ಮ ಗೆರೆಯೂ ಆ ತಪ್ಪನ್ನೇ ಹೇಳುತ್ತದೆ, ಆದ್ದರಿಂದ ತೀರ್ಮಾನ ತಯಾರಕರ ಗುರುತಿನದ್ದೇ.

ಹೊಸಬರು ಎಡವುವ ಜಾಗ ಇನ್ನು ಮುಂದಿದೆ. ಬೆಲ್ಟನ್ನು ಮೊದಲು ಕ್ರ್ಯಾಂಕ್ ಚಕ್ರಕ್ಕೆ ಸೇರಿಸಿ, ಟೆನ್ಷನರ್ ಇಲ್ಲದ ಮಗ್ಗುಲಿನಲ್ಲಿ ಸಡಿಲವೇ ಉಳಿಯದಂತೆ ಎಳೆದು ಕ್ಯಾಮ್ ಚಕ್ರಕ್ಕೆ ಹಾಕಬೇಕು. ಸಡಿಲವೆಲ್ಲ ಟೆನ್ಷನರ್ ಮಗ್ಗುಲಿಗೆ ಬರಬೇಕು. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಗುರುತುಗಳೆರಡೂ ನೇರವಾಗಿವೆ ಎಂದು ನಂಬಿ ಟೆನ್ಷನರ್ ಬಿಗಿದೆ. ಕೈಯಿಂದ ತಿರುಗಿಸಿ ನೋಡಿದಾಗ ಕ್ಯಾಮ್ ಗುರುತು ಒಂದು ಹಲ್ಲು ಹಿಂದಿತ್ತು. ನೇರ ಮಗ್ಗುಲಿನಲ್ಲಿ ಉಳಿದಿದ್ದ ಚೂರು ಸಡಿಲವನ್ನು ಟೆನ್ಷನರ್ ಎಳೆದುಕೊಂಡಿತ್ತು, ಗುರುತನ್ನು ನಾನು ಓರೆಯಿಂದ ನೋಡಿದ್ದೆ. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ ಕ್ರ್ಯಾಂಕಿನ 18 ಡಿಗ್ರಿ. ಇದು ಸಣ್ಣ ವ್ಯತ್ಯಾಸವಲ್ಲ. ಟಾರ್ಚ್ ಹಿಡಿದು, ಕಣ್ಣನ್ನು ಗುರುತಿನ ನೇರಕ್ಕೆ ತಂದು ನೋಡಿ.

ಟೆನ್ಷನರನ್ನು ಕೈಪಿಡಿ ಹೇಳಿದಂತೆ ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಒಂದು ಸುತ್ತಿಗೆ ಕ್ಯಾಮ್ ಗುರುತು ಎದುರು ದಿಕ್ಕಿನಲ್ಲಿ ಕಂಡರೆ ಗಾಬರಿಯಾಗಬೇಡಿ, ಅದು ಸಹಜ. ಎರಡನೇ ಸುತ್ತು ಮುಗಿದಾಗ ಎರಡೂ ಗುರುತುಗಳು ಒಟ್ಟಿಗೆ ಬಂದು ನಿಲ್ಲಬೇಕು. ವಾಲ್ವ್ ಸ್ಪ್ರಿಂಗಿನ ತಡೆ ಕೈಗೆ ಮೆತ್ತಗೆ ತಿಳಿಯುತ್ತದೆ, ಮರುಕ್ಷಣ ಬಿಟ್ಟುಕೊಡುತ್ತದೆ. ಲೋಹಕ್ಕೆ ಲೋಹ ತಾಗಿದಂತೆ ಗಟ್ಟಿಯಾಗಿ ನಿಂತರೆ ಅಲ್ಲೇ ಕೈ ಬಿಡಿ, ಒತ್ತಬೇಡಿ. ಬೆಲ್ಟ್ ತೆಗೆದು ಮೊದಲಿನಿಂದ ಶುರುಮಾಡಿ. ಗುರುತು ಕೂದಲೆಳೆಯಷ್ಟು ಅನುಮಾನ ಹುಟ್ಟಿಸಿದರೂ ಹಾಗೆಯೇ ಮಾಡಿ. ಈ ಎರಡು ಸುತ್ತು ಮುಗಿಯುವವರೆಗೆ ಕೀ ಮನೆಯೊಳಗೆ ಇರಲಿ.

ಗುರುತು ಸರಿ ಬಂದರೆ ಕ್ರ್ಯಾಂಕ್ ಬೋಲ್ಟನ್ನೂ ಮೌಂಟಿನ ಬೋಲ್ಟ್‌ಗಳನ್ನೂ ಕೈಪಿಡಿಯ ಅಳತೆಗೆ ಬಿಗಿದು, ಉಳಿದದ್ದನ್ನು ಜೋಡಿಸಿ ಸ್ಟಾರ್ಟ್ ಮಾಡಿ. ಶಿಳ್ಳೆಯಂಥ ಸದ್ದು ಬಂದರೆ ಬೆಲ್ಟ್ ಅತಿಯಾಗಿ ಬಿಗಿಯಾಗಿರಬಹುದು, ಕವರಿಗೆ ಬಡಿಯುವ ಸದ್ದು ಬಂದರೆ ಸಡಿಲವಾಗಿರಬಹುದು. ಎರಡರಲ್ಲಿ ಯಾವುದೇ ಕೇಳಿದರೂ ತಕ್ಷಣ ನಿಲ್ಲಿಸಿ, ಮತ್ತೆ ಬಿಚ್ಚಿ ನೋಡಿ. ಸದ್ದಿಲ್ಲದಿದ್ದರೆ ಬೆಲ್ಟ್ ಹಾಕಿದ ದಿನಾಂಕ ಮತ್ತು ಓಡಿದ ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಈ ಗಾಡಿಯ ಹಿಂದಿನ ಮಾಲೀಕರು ನಿಮಗೆ ಬಿಟ್ಟುಹೋಗದ ದಾಖಲೆ ಅದು.